ಪುಟ್ಟಬಸಮ್ಮನ ಹೆಸರಿನ ದಾಸೋಹ

ಸಿದ್ದಮಲ್ಲಪ್ಪನವರು ಬೆಳಗಿನ ಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ ತಾವು ನೋಡಿಕೊಳ್ಳುವ ಮಠದ ಕಚೇರಿಗೆ ಬರುವ ಹೊತ್ತಿಗೆ ಅಂಗಳದಲ್ಲಿ ಒಂದು ಗೂಡ್ಸ್ ಆಟೋ ನಿಂತಿತ್ತು. ಅದರಿಂದ ಅಕ್ಕಿ ಮೂಟೆ ಇಳಿಯುತ್ತಿತ್ತು. ಅವರಿಗೆ ಅರ್ಥವಾಗಲಿಲ್ಲ. ಆ ದಿನದ ದಾಸೋಹ ಅವರದು. ಹೆಂಡತಿ ಪುಟ್ಟಬಸಮ್ಮ ಲಿಂಗೈಕ್ಯಳಾಗಿ ಅಂದಿಗೆ ಒಂದು ವರ್ಷ. ಅಕ್ಕಿ, ಬೇಳೆ, ಬೆಲ್ಲ ಎಲ್ಲವನ್ನೂ ಹಿಂದಿನ ದಿನವೇ ಅಡುಗೆಯ ನಂಜುಂಡೇಶನಿಗೆ ಒಪ್ಪಿಸಿದ್ದರು.

ಊಟಕ್ಕೆ ಮುಂಚೆ ಪಂಕ್ತಿಯ ಎದುರು ನಿಂತು, ಇಂದಿನ ದಾಸೋಹ ಇಂಥವರ ಸ್ಮರಣೆಯಲ್ಲಿ ಎಂದು ಕೂಗಿ ಹೇಳುವುದು ಆ ಮಠದ ಪದ್ಧತಿ. ಕೂಗುತ್ತ ಬಂದವರು ಸಿದ್ದಮಲ್ಲಪ್ಪನವರೇ. ಎಷ್ಟೋ ಜನರ ತಾಯಿತಂದೆಯರ ಹೆಸರು ಕೂಗಿದ ಗಂಟಲು ಇಂದು ಕಟ್ಟದಿರಲಿ ಎಂದು ಆಗತಾನೇ ಶಿವನನ್ನು ಬೇಡಿಕೊಂಡು ಬಂದಿದ್ದರು.

"ಯಾರಪ್ಪ ನೀವು?"

"ನರಸೀಪುರದವ್ರು ಕಣ್ರೀ, ಗಂಗಾಧರಸ್ವಾಮಿ ಅಂತ. ಇವತ್ತಿನ ದಾಸೋಹ ನಮ್ದು. ನಮ್ಮವ್ವ ದುಂಡಮ್ಮನ ಎಸ್ರಲ್ಲಿ."

"ಇವತ್ತು ನಮ್ದಲ್ವ?"

"ಅದೆಂಗೆ ನಿಮ್ದಾಯ್ತದೆ? ನೋಡಿ ಇಲ್ಲಿ."

ಗಂಗಾಧರಸ್ವಾಮಿ ಮೊಬೈಲು ಮುಂದೆ ಹಿಡಿದ. ಮಠದ ಹೆಸರು, ಬಿಲ್ವಪತ್ರೆಯ ಚಿತ್ರ, ಇಂದಿನ ತಾರೀಖು, ಅದರ ಕೆಳಗೆ ದುಂಡಮ್ಮ. ಸಿದ್ದಮಲ್ಲಪ್ಪನವರು ಅವನ ಕೈ ಹಿಡಿದು ಕಚೇರಿಯೊಳಕ್ಕೆ ಕರೆದೊಯ್ದು ಕಂಪ್ಯೂಟರ್ ತೋರಿಸಿದರು. ಅದೇ ಮಠದ ಹೆಸರು, ಅದೇ ಬಿಲ್ವಪತ್ರೆ, ಅದೇ ತಾರೀಖು. ಕೆಳಗೆ ಪುಟ್ಟಬಸಮ್ಮ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಒಂದೇ ದಿನುಕ್ಕೆ ಇಬ್ರು ಮದುವಣಗಿತ್ತೀರ ಕರಕೊಂಬಂದಂಗಾಯ್ತು," ಎಂದ ನಂಜುಂಡೇಶ, ಸೌಟು ಹಿಡಿದು ಬಾಗಿಲಲ್ಲಿ ನಿಂತು. ಯಾರೂ ನಗಲಿಲ್ಲ.

ಅಷ್ಟರಲ್ಲಿ ಅರ್ಪಿತಳ ಸ್ಕೂಟರ್ ಬಂತು. ಸಿದ್ದಮಲ್ಲಪ್ಪನವರ ಅಣ್ಣನ ಮೊಮ್ಮಗಳು. ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ಕೆಲಸ ಅವಳದು. ಮಠಕ್ಕೆ ಈ ಪ್ರೋಗ್ರಾಮು ಬರೆದುಕೊಟ್ಟವಳೂ ಅವಳೇ. ಅಜ್ಜಿಯ ದಿನವೆಂದು ರಜೆ ಹಾಕಿ ಬಂದಿದ್ದಳು. ಎರಡೂ ಪರದೆ ನೋಡಿದಳು, ಕುರ್ಚಿ ಎಳೆದು ಕುಳಿತು ಏನೇನೋ ಒತ್ತಿದಳು, ಆಮೇಲೆ ಕೈಯಲ್ಲಿ ಹಣೆ ಹಿಡಿದುಕೊಂಡಳು.

"ತಪ್ಪು ನಂದೇ ತಾತ. ನೋಡಿ, ಈ ಪುಟ ತೋರ್ಸೋ ಪ್ರೋಗ್ರಾಮು ಅಡುಗೆಮನೆ ಇದ್ದಂಗೆ. ಹೆಸರುಗಳಿರೋ ಡೇಟಾಬೇಸು ಉಗ್ರಾಣ. ಮೊದ್ಲು ಇದೇ ಕಂಪ್ಯೂಟ್ರಲ್ಲಿ ಒಂದು ಸಣ್ಣ ಉಗ್ರಾಣ ಇತ್ತು. ಮೊನ್ನೆ ಯುಗಾದೀಲಿ ಎಲ್ಲಾನೂ ಇಂಟರ್ನೆಟ್ಟಲ್ಲಿರೋ ಹೊಸ ಪ್ಲಾಟ್‌ಫಾರ್ಮ್‌ಗೆ ಹಾಕ್ದೆ. ಅಲ್ಲಿ ಅಡುಗೆಮನೆ, ಉಗ್ರಾಣ ಎರಡೂ ಒಂದೇ ಸೂರಿನಡಿ. ಜನ ಮೊಬೈಲಲ್ಲಿ ನೋಡೋದು ಅದನ್ನ. ಈ ಕಂಪ್ಯೂಟ್ರಿಗೆ ಮಾತ್ರ ಉಗ್ರಾಣ ಬದಲಾಯ್ತು ಅಂತ ಹೇಳೋ ಒಂದು ಸಾಲು ತಿದ್ದೋದು ಮರ್ತೆ. ನೀವು ಅಜ್ಜಿ ಹೆಸರು ಬರೆದಿದ್ದು ಯುಗಾದಿ ಆದ್ಮೇಲೆ. ಅದು ಹಳೇದ್ರಲ್ಲೇ ಉಳ್ಕೊಂಡಿದೆ."

ಸಿದ್ದಮಲ್ಲಪ್ಪನವರು ತಲೆಯಾಡಿಸಿದರು. ತಿಳಿದದ್ದು ಸ್ವಲ್ಪವೇ. ಅಡುಗೆಮನೆ ಒಂದು, ಉಗ್ರಾಣ ಎರಡು. ಹಾಗಾದರೆ ಅಕ್ಕಿ ಎಲ್ಲಿದೆ?

"ಯಾವುದು ನಿಜ ಕೂಸೆ?"

"ಎರಡೂ ನಿಜಾನೇ. ಆದ್ರೆ ಲೆಕ್ಕಕ್ಕೆ ಬರೋದು ಮೊಬೈಲಲ್ಲಿರೋದು."

"ಇದರಲ್ಲಿರೋಳನ್ನ ಅದಕ್ಕೆ ಕಳ್ಸಕ್ಕಾಗಲ್ವ?"

"ಕಳ್ಸಿ ನೋಡ್ದೆ. ಒಪ್ತಿಲ್ಲ."

ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಸಾಲು ಮೂಡಿತ್ತು: ಈ ದಿನ ಬೇರೆ ಕುಟುಂಬದವರಿಗೆ ಸಂದಿದೆ, ದಯವಿಟ್ಟು ಇನ್ನೊಂದು ದಿನ ಆರಿಸಿಕೊಳ್ಳಿ. ಅದು ಸಿದ್ದಮಲ್ಲಪ್ಪನವರದೇ ಮಾತು. ಹಿಂದೊಮ್ಮೆ ಎರಡು ಮನೆಯವರು ಯಾರ ಹೆಸರು ಮೊದಲು ಎಂದು ಪಂಕ್ತಿಯಲ್ಲೇ ಜಗಳವಾಡಿದ್ದರು. ಅಂದಿನಿಂದ ದಿನಕ್ಕೊಂದೇ ಮನೆ. ನಾನೇ ಬಂದು ಕೇಳಿದರೂ ಒಪ್ಪಬಾರದು, ಹಾಗೆ ಬರಿಯವ್ವ ಎಂದು ಅರ್ಪಿತಳಿಗೆ ಹೇಳಿದ್ದವರು ಅವರೇ.

"ಆ ನಿಯಮ ತೆಗೆದ್ಬಿಡ್ತೀನಿ ತಾತ. ಒಂದ್ನಿಮಿಷದ ಕೆಲ್ಸ."

ಗಂಗಾಧರಸ್ವಾಮಿಯೂ ಈಗ ಮೆತ್ತಗಾಗಿದ್ದ. "ಎರಡೆಸ್ರೂ ಕೂಗಿ ಬುಡಿ ಅಯ್ಯನೋರೆ. ನಮ್ಮವ್ವ ಏನೂ ಅನ್ಕೊಳಲ್ಲ."

ಸಿದ್ದಮಲ್ಲಪ್ಪನವರಿಗೆ ಹೂಂ ಎನ್ನುವ ಆಸೆ ಗಂಟಲವರೆಗೆ ಬಂತು. ಆದರೆ ಹುಲ್ಲಹಳ್ಳಿಯ ಹೆಂಗಸೊಬ್ಬಳು ಕಣ್ಣಿಗೆ ಕಟ್ಟಿದಳು. ಗಂಡನ ಹೆಸರಿಗೆಂದು ಕೈಚೀಲದಲ್ಲಿ ಬೇಳೆ ತಂದು ಅದೇ ಬಾಗಿಲಲ್ಲಿ ನಿಂತಿದ್ದಳು. ದಿನ ಬೇರೆಯವರದು ತಾಯಿ ಎಂದು ಅವಳನ್ನು ವಾಪಸು ಕಳಿಸಿದ್ದರು.

"ಬ್ಯಾಡ ಕಣಪ್ಪ," ಎಂದರು. "ಆ ತಾಯಿಗಿಲ್ಲದ್ದು ನಮ್ಮನೆಯವಳಿಗೆ ಯಾಕೆ? ದಿನ ನಿಮ್ದು. ನಂಜುಂಡೇಶ, ಇವರ ಅಕ್ಕಿ ಒಳಕ್ಕೆ ತಗೋ."

ಪಂಕ್ತಿ ಕುಳಿತಿತು. ಸಿದ್ದಮಲ್ಲಪ್ಪನವರು ಎದುರು ನಿಂತು ದುಂಡಮ್ಮನವರ ಸ್ಮರಣೆಯಲ್ಲಿ ಎಂದು ಕೂಗಿದರು. ಗಂಟಲು ಕಟ್ಟಲಿಲ್ಲ. ಅದೇ ಅವರಿಗೆ ಸಂಕಟವಾಯಿತು. ಶಿವನು ತಮ್ಮ ಮೊರೆಯನ್ನು ಕೇಳಿದನೋ ಇಲ್ಲವೋ ತಿಳಿಯಲಿಲ್ಲ.

ಕಚೇರಿಗೆ ಬಂದಾಗ ಅರ್ಪಿತ ತಾನು ಮರೆತಿದ್ದ ಆ ಸಾಲು ತಿದ್ದಲು ಕುಳಿತಿದ್ದಳು.

"ತಿದ್ದಿದ್ರೆ ಏನಾಯ್ತದೆ?"

"ಇದೂ ಹೊಸ ಉಗ್ರಾಣಾನೇ ನೋಡತ್ತೆ. ಮೊಬೈಲಲ್ಲಿ ಕಾಣೋದೇ ಇಲ್ಲೂ ಕಾಣತ್ತೆ."

"ಇವಳು?"

ಅರ್ಪಿತ ಕೀಲಿಮಣೆಯಿಂದ ಕೈ ತೆಗೆದಳು.

"ನಾಳೆ ತಿದ್ದವ್ವ. ಇದರಲ್ಲಿ ಇವತ್ತು ಅವಳ ದಿನ ಅಲ್ವ? ಈ ಒಂದಿನ ಹಂಗೇ ಬುಡು."

ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು. ನಂಜುಂಡೇಶ ಒಂದು ಬಾಳೆಲೆಯಲ್ಲಿ ಅನ್ನ, ಸಾರು, ಪಾಯಸ ಬಡಿಸಿ ತಂದ. "ನೀವಿನ್ನೂ ಉಂಡಿಲ್ಲ," ಎಂದು ಎಲೆಯನ್ನು ಮೇಜಿನ ಮೇಲಿಟ್ಟು, ಕಂಪ್ಯೂಟರ್ ಕಡೆ ಒಮ್ಮೆ ನೋಡಿ ಹೊರಟುಹೋದ.

ಸಿದ್ದಮಲ್ಲಪ್ಪನವರು ಎಲೆಯನ್ನು ಪರದೆಯ ಮುಂದಕ್ಕೆ ಸರಿಸಿದರು. ಯಾವ ಉಗ್ರಾಣದಲ್ಲಿದ್ದೀಯೆ ನೀನು ಎಂದು ಮನಸ್ಸಿನಲ್ಲೇ ಕೇಳಿದರು. ಸ್ವಲ್ಪ ಹೊತ್ತಿಗೆ ಪರದೆ ತಾನಾಗಿ ಮಂಕಾಗತೊಡಗಿತು. ಅವರು ಬೆದರಿ ಮೌಸನ್ನು ಅಲುಗಿಸಿದರು. ಪುಟ್ಟಬಸಮ್ಮನ ಹೆಸರು ಮತ್ತೆ ಬೆಳಗಿತು. ಅವರು ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.