ತ್ರಾವೊರೆ ಬರೆದ ಸಾಕ್ಷಿಪತ್ರ

ಅಸ್ಸೆತು ಜಾರಾಳ ಕಡತ ನಾಲ್ಕು ಕಿಲೋ ತೂಗುತ್ತಿತ್ತು. ತೂಗಿದ್ದು ಅವಳೇ, ತಾನು ಕೆಲಸ ಮಾಡುವ ವೃದ್ಧಾಶ್ರಮದಲ್ಲಿ ಕೊಳೆ ಬಟ್ಟೆ ತೂಗುವ ತಕ್ಕಡಿಯಲ್ಲಿ. ಹನ್ನೊಂದು ವರ್ಷದಿಂದ ಫ್ರಾನ್ಸಿನಲ್ಲೇ ಇದ್ದಾಳೆ ಅನ್ನುವುದಕ್ಕೆ ಡಾಕ್ಟರ ಚೀಟಿ, ರೈಲಿನ ಪಾಸು, ಹಲ್ಲು ಕೀಳಿಸಿದ ದಿನದ ಕಾಗದ, ಎಲ್ಲವೂ ಅದರಲ್ಲಿದ್ದವು. ಇಲ್ಲದ್ದು ಗಂಡ ಮತ್ತು ಮಕ್ಕಳು. ವಾಸದ ಕಾರ್ಡು ಕೊಡುವವರು ಮೊದಲು ಕೇಳುವುದು ಅವರನ್ನೇ.

"ಈ ದೇಶದಲ್ಲಿ ನಿಮಗೆ ಯಾರಿದ್ದಾರೆ?" ಎಂದು ಕಚೇರಿ ಕೇಳಿತ್ತು. ಒಡಹುಟ್ಟಿದವರೆಲ್ಲ ಮಾಲಿ ದೇಶದ ಸೇಗುವಿನಲ್ಲಿದ್ದರು. ಅವಳ ಉತ್ತರ ಸಾಲದೆಂದು ಅರ್ಜಿಯನ್ನು ತಳ್ಳಿಹಾಕಲು ಹೊರಟರು. ಆದರೆ ಹತ್ತು ವರ್ಷ ದಾಟಿದವರನ್ನು ಹಾಗೆ ಸುಮ್ಮನೆ ಕೈಬಿಡುವಂತಿಲ್ಲ, ಮೂವರ ಸಮಿತಿಯ ಮುಂದೆ ಮಾತಾಡಲು ಬಿಡಬೇಕು. ಆ ದಿನ ಇವತ್ತು ಬಂದಿತ್ತು. ಇಲ್ಲಿ ಸೋತರೆ ಗಂಟುಮೂಟೆ ಕಟ್ಟುವುದೊಂದೇ ಬಾಕಿ.

ಅವಳ ಪರವಾಗಿ ಓಡಾಡಿದವರು ಒದಿಲ್ ಮೇಡಂ, ನಿವೃತ್ತ ಶಾಲಾ ಶಿಕ್ಷಕಿ. ಮಾಂತ್ ಪಟ್ಟಣದಲ್ಲಿ ಅಸ್ಸೆತುವನ್ನು ಬಲ್ಲವರಿಂದ ಹದಿನೇಳು ಪತ್ರ ಬರೆಸಿದ್ದರು. ಎಲ್ಲದರಲ್ಲೂ ಅದೇ ಮಾತು: ಸೌಮ್ಯ ಸ್ವಭಾವ, ಹೊತ್ತಿಗೆ ಸರಿಯಾಗಿ ಬರುತ್ತಾರೆ, ಯಾರ ತಂಟೆಗೂ ಹೋಗುವುದಿಲ್ಲ. ಅಸ್ಸೆತು ಓದಿಸಿಕೊಂಡು ಕೇಳಿದ್ದಳು, "ಇದ್ಯಾರು ಮೇಡಂ ಈ ಹೆಂಗಸು? ನಾನೆಲ್ಲೂ ನೋಡಿಲ್ವಲ್ಲ."

ಹದಿನೆಂಟನೆಯ ಪತ್ರ ಇವತ್ತು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಸಿಕ್ಕಿತು. ತಂದವನು ಫುಸೇನಿ ತ್ರಾವೊರೆ. ಒದಿಲ್ ಮೇಡಂ ಆತುರದಲ್ಲಿ ಬಿಡಿಸಿಯೂ ನೋಡದೆ ಕಡತಕ್ಕೆ ಸೇರಿಸಿಬಿಟ್ಟರು.

ಜಾರಾಗಳಿಗೂ ತ್ರಾವೊರೆಗಳಿಗೂ ಮುತ್ತಜ್ಜಂದಿರ ಕಾಲದಿಂದ ಬೈಗುಳದ ನೆಂಟಸ್ತಿಕೆ. ಮಾಲಿಯವರಲ್ಲಿ ಅದಕ್ಕೆ ರಕ್ತ ಬೇಕಿಲ್ಲ, ಮನೆತನದ ಹೆಸರು ಸಾಕು. ಇವರು ಅವರನ್ನು, ಅವರು ಇವರನ್ನು ಎಷ್ಟು ಬೇಕಾದರೂ ಹೀಯಾಳಿಸಬಹುದು, ಸಾವಿನ ಮನೆಯಲ್ಲೂ ಸರಿ, ಯಾರೂ ಸಿಟ್ಟಾಗುವಂತಿಲ್ಲ. ಕೇಳಿದ್ದನ್ನು ಇಲ್ಲ ಅನ್ನುವಂತಿಲ್ಲ, ಒಬ್ಬರಿಗೊಬ್ಬರು ಕೇಡು ಬಗೆಯುವ ಮಾತಂತೂ ಇಲ್ಲವೇ ಇಲ್ಲ. ಹನ್ನೊಂದು ವರ್ಷದ ಹಿಂದೆ, ಮಾಂತ್‌ಗೆ ಬಂದ ಮೂರನೇ ವಾರ, ಬೀದಿ ಗುಡಿಸುತ್ತಿದ್ದ ಒಬ್ಬನನ್ನು ಅಸ್ಸೆತು ದಾರಿ ಕೇಳಿದ್ದಳು. ಹೆಸರು ಕೇಳಿದವನೇ ಅವನು ಪೊರಕೆಯನ್ನು ಗೋಡೆಗೆ ಒರಗಿಸಿ, "ಓಹೋ, ಅಲಸಂದೆ ಮುಕ್ಕೋ ವಂಶ" ಅಂದ. ಮೂರು ವಾರ ಯಾರೂ ಮಾತಾಡಿಸದಿದ್ದ ಹೆಂಗಸಿಗೆ ಜೀವ ಬಂದಂತಾಯಿತು. "ನೀನು ಕತ್ತೆ ಕದಿಯೋ ತ್ರಾವೊರೆಗಳೋನು, ಮುಖದಲ್ಲೇ ಬರೆದಿದೆ" ಅಂದಳು. ಅವತ್ತು ಸಂಜೆಯೊಳಗೆ ಫುಸೇನಿ ಅವಳಿಗೊಂದು ಕೋಣೆ ಹುಡುಕಿಕೊಟ್ಟ.

ಸಮಿತಿಯ ಅಧ್ಯಕ್ಷೆ ಪಕ್ಕದ ಊರಿನ ಮೇಯರ್. ಹದಿನೇಳು ಪತ್ರಗಳನ್ನು ಮಗುಚಿಹಾಕಿ, ಹದಿನೆಂಟನೆಯದಕ್ಕೆ ಬಂದು ಹುಬ್ಬು ಗಂಟಿಕ್ಕಿದರು. ಆಮೇಲೆ ಗಟ್ಟಿಯಾಗಿ ಓದಿದರು.

"'ಫುಸೇನಿ ತ್ರಾವೊರೆ ಆದ ನಾನು, ಫ್ರೆಂಚ್ ಪ್ರಜೆ, ಪ್ರಮಾಣ ಮಾಡಿ ಹೇಳುವುದೇನೆಂದರೆ: ಈ ಜಾರಾ ಹೆಂಗಸು ಹೊಟ್ಟೆಬಾಕಿ. ಇವಳಿಗೆ ಅಡುಗೆ ಬಾರದು, ಬಾಯಿ ಮಾತ್ರ ಬರುತ್ತದೆ. ನನಗೆ ಆಪರೇಷನ್ ಆದಾಗ ನಲವತ್ತು ದಿನ ಒಂದೂ ತಪ್ಪದಂತೆ ಆಸ್ಪತ್ರೆಗೆ ಬಂದು ಬೈದು ಹೋದಳು. ನನ್ನ ಹೆಂಡತಿ ತೀರಿಕೊಂಡ ದಿನ ಶವದ ವ್ಯಾನಿಗೆ ಅಡ್ಡ ಕೂತು, ನಿನ್ನ ಮುಖ ನೋಡಲಾರದೆ ಸತ್ತಳೆಂದು ಎಲ್ಲರೆದುರು ಕೂಗಿದಳು. ಇದೆಲ್ಲವೂ ಸತ್ಯ. ಗುರುತಿನ ಚೀಟಿಯ ಪ್ರತಿ ಲಗತ್ತಿಸಿದೆ.'"

ಒದಿಲ್ ಮೇಡಂ ಮುಖ ಬಿಳುಚಿಕೊಂಡಿತು. "ತಪ್ಪಾಗಿ ಸೇರಿಕೊಂಡಿದೆ ಅಂದ್ಬಿಡಿ" ಎಂದು ಪಿಸುಗುಟ್ಟಿದರು.

ಅಧ್ಯಕ್ಷೆಯೂ ಕೆಟ್ಟವರಲ್ಲ. "ನೋಡಿ, ಬೇಕಿದ್ರೆ ಇದನ್ನ ವಾಪಸ್ ತಗೊಳ್ಳಿ. ನಾವು ಓದೇ ಇಲ್ಲ ಅಂದ್ಕೋತೀವಿ" ಅಂದರು.

ಕೈ ಚಾಚಿದರೆ ಮುಗಿಯಿತು. ಬೇರೆ ಯಾರಾದರೂ ಆಗಿದ್ದರೆ ಚಾಚುತ್ತಿದ್ದರು, ತಪ್ಪೂ ಅಲ್ಲ. ಆದರೆ ಅಸ್ಸೆತು ಸೇಗುವನ್ನು ಆಳಿದ ಜಾರಾಗಳ ಮನೆತನದವಳು. ತ್ರಾವೊರೆಯ ಬೈಗುಳವನ್ನು ತಪ್ಪೆಂದು ವಾಪಸ್ ಪಡೆದರೆ ಆ ನೆಂಟಸ್ತಿಕೆಯನ್ನು ತಾನೇ ಕೈಯಾರೆ ಹರಿದಂತೆ. ಹಾಗೆ ಹರಿದು ಪಡೆದ ಕಾರ್ಡನ್ನು ಯಾವ ಮುಖದಿಂದ ಹಿಡಿದುಕೊಳ್ಳುವುದು? ಅವಳು ಕತ್ತು ನೆಟ್ಟಗೆ ಮಾಡಿದಳು.

"ವಾಪಸ್ ತಗೊಳ್ಳಲ್ಲ ಮೇಡಂ" ಅಂದಳು. "ಆ ಹದಿನೇಳು ಕಾಗದದಲ್ಲಿ ಇರೋಳು ಯಾರೋ ಒಳ್ಳೆ ಹೆಂಗಸು. ಇದರಲ್ಲಿ ಇರೋಳು ನಾನು."

"ಶವದ ವ್ಯಾನಿಗೆ ಅಡ್ಡ ಕೂತಿದ್ದು ನಿಜಾನಾ?"

"ಕೂತಿದ್ದೆ. ಕೂರೋದು ನನ್ನ ಹಕ್ಕು. ಬರೆದೋನು ಹೊರಗೆ ಕಾಯ್ತಿದ್ದಾನೆ, ಬೇಕಿದ್ರೆ ಕರೆದು ಕೇಳಿ."

ಕರೆದರು. ಫುಸೇನಿ ಇಸ್ತ್ರಿ ಮಾಡಿದ ನೀಲಿ ನಿಲುವಂಗಿಯಲ್ಲಿ, ಕೋಲೂರಿಕೊಂಡು ಒಳಗೆ ಬಂದ. ಅಸ್ಸೆತುವನ್ನು ನೋಡಿ, "ಇನ್ನೂ ಇಲ್ಲೇ ಇದ್ದೀಯಾ? ಓಡಿಸಿರ್ತಾರೆ ಅಂತ ಖುಷಿಯಾಗಿದ್ದೆ" ಅಂದ.

"ನೀನು ಇನ್ನೂ ಸತ್ತಿಲ್ವಲ್ಲ ಮುದುಕ, ನಾನು ಹೇಗೆ ಹೋಗ್ಲಿ?" ಅಂದಳು ಅವಳು. ಸಮಿತಿಯ ಮೂವರೂ ಪೆನ್ನು ಕೆಳಗಿಟ್ಟರು.

ಅಧ್ಯಕ್ಷೆ ನಿಧಾನವಾಗಿ ಕೇಳಿದರು, "ಪತ್ರದಲ್ಲಿ ಬರೆದಿರೋದಕ್ಕೆ ಈಗಲೂ ಬದ್ಧರಾಗಿದ್ದೀರಾ?"

"ಒಂದಕ್ಷರಾನೂ ಬದಲಾಯಿಸಲ್ಲ. ನನ್ನ ಹೆಂಡತಿ ಹೋದ ದಿನ ಎಲ್ಲರೂ ಅತ್ತರು ಮೇಡಂ. ಇವಳು ರಸ್ತೆ ಮೇಲೆ ಕೂತು ಬೈದಳು. ನಾನು ನಕ್ಕುಬಿಟ್ಟೆ. ಅವತ್ತು ನಗದೆ ಇದ್ದಿದ್ರೆ ಹೆಂಡತಿ ಹಿಂದೇನೇ ಹೋಗಿಬಿಡ್ತಿದ್ದೆ."

"ನಿಮಗೆ ಮಕ್ಕಳಿಲ್ವಾ?"

"ಆರು ಜನ. ಹದಿನಾಲ್ಕು ಮೊಮ್ಮಕ್ಕಳು. ಎಲ್ಲರೂ ಇಲ್ಲೇ ಇದ್ದಾರೆ, ಎಲ್ಲರೂ ನನಗೆ ಮರ್ಯಾದೆ ಕೊಡ್ತಾರೆ. ಬರೀ ಮರ್ಯಾದೆನೇ ಸಿಗ್ತಾ ಇದ್ರೆ ಮನುಷ್ಯ ಬದುಕಿರೋವಾಗಲೇ ಗೋಡೆ ಮೇಲಿನ ಫೋಟೋ ಆಗ್ಬಿಡ್ತಾನೆ. ನನ್ನನ್ನ ಬೈಯೋದಕ್ಕೆ ಈ ಊರಲ್ಲಿ ಇವಳೊಬ್ಬಳೇ ಇರೋದು."

ಅಸ್ಸೆತು ನೆಲ ನೋಡುತ್ತಿದ್ದಳು. ಕಾರ್ಡು ಸಿಗಲಿ ಬಿಡಲಿ, ಈ ದೇಶದಲ್ಲಿ ತನಗೆ ಯಾರಿದ್ದಾರೆಂದು ಕೇಳಿದವರಿಗೆ ಉತ್ತರ ಸಿಕ್ಕಿತಲ್ಲ ಎಂದು ಹೆಮ್ಮೆ ಪಟ್ಟಳು.

ಅವರನ್ನು ಹೊರಗೆ ಕೂರಿಸಿ, ಕಾಲು ಗಂಟೆಯ ಮೇಲೆ ಮತ್ತೆ ಒಳಗೆ ಕರೆದರು. "ಕಾರ್ಡು ಕೊಡಬೇಕು ಅಂತ ನಾವು ಮೂವರೂ ಒಪ್ಪಿದ್ದೀವಿ. ಹಾಗಂತಲೇ ಕಚೇರಿಗೆ ಬರೆದು ಕಳಿಸ್ತೀವಿ" ಎಂದರು ಅಧ್ಯಕ್ಷೆ. ಒದಿಲ್ ಮೇಡಂ ಕುರ್ಚಿಯಲ್ಲಿ ಕುಸಿದು ಕೂತರು.

ಟೈಪ್ ಮಾಡುತ್ತಿದ್ದ ಗುಮಾಸ್ತೆ ತಲೆಯೆತ್ತಿದಳು. "ಸಾಕ್ಷಿ ಹೇಳಿದವರು ಇವರಿಗೆ ಏನಾಗಬೇಕು ಅಂತ ಬರೀಲಿ? ಅಣ್ಣ ಅಲ್ಲ, ಗಂಡ ಅಲ್ಲ. ಪರಿಚಯದವರು ಅಂತ ಹಾಕ್ಲಾ?"

ಅಧ್ಯಕ್ಷೆ ಅಸ್ಸೆತುವಿನ ಕಡೆ ತಿರುಗಿದರು. "ನೀವೇ ಹೇಳಿ."

ಅಸ್ಸೆತು ಎದ್ದು ನಿಂತಳು. "ಪರಿಚಯದವರಲ್ಲ ಮೇಡಂ. ನಮ್ಮೋರು ಅಂತ ಬರೀರಿ. ಫುಸೇನಿ ತ್ರಾವೊರೆಯವರು ನಮ್ಮೋರು."

ಹನ್ನೊಂದು ವರ್ಷದಲ್ಲಿ ಅವಳು ಆ ಹೆಸರನ್ನು ಮರ್ಯಾದೆ ಕೊಟ್ಟು ಹೇಳಿದ್ದು ಅದೇ ಮೊದಲು. ಫುಸೇನಿ ಬಾಯಿ ತೆರೆದ, ಬೈಗುಳ ಬರಲಿಲ್ಲ. ಟೋಪಿ ತೆಗೆದು ಅದರಲ್ಲೇ ಕಣ್ಣೊರೆಸಿಕೊಂಡ. ಅಧ್ಯಕ್ಷೆ ತಲೆಯಾಡಿಸಿದರು, ಗುಮಾಸ್ತೆ ಅವನ ಹೆಸರನ್ನು ಕುಟುಂಬದವರ ಸಾಲಿನಲ್ಲಿ ಬರೆದಳು.