ಸಣ್ಣಸ್ವಾಮಿ ಹೇಳಿದ ‘ಹತ್ತು ನಿಮಿಷ’

ಕಾಮಾಕ್ಷಮ್ಮನವರ ಹೆಬ್ಬೆರಳನ್ನು ಮಷೀನು ಗುರುತಿಸುವುದಿಲ್ಲ. ನಲವತ್ತು ವರ್ಷ ಶುಂಠಿ ಕಿತ್ತು, ಮಣ್ಣು ಕೆದಕಿ ಬೆರಳಿನ ಗೆರೆಗಳೇ ಸವೆದುಹೋಗಿವೆ. ಊರಿನ ಅಂಗಡಿಯಲ್ಲಿ ಬೆರಳೊತ್ತಿದರೆ ಪಿಂಚಣಿ ಹಣ ಸಿಗುತ್ತದೆ, ನಿಜ. ಆದರೆ ಅವರು ಒತ್ತಿದಾಗಲೆಲ್ಲ ಕೆಂಪು ದೀಪವೇ ಹತ್ತುತ್ತದೆ. ಹಾಗಾಗಿ ಪ್ರತಿ ತಿಂಗಳೂ ಎರಡು ಬಸ್ಸು ಹತ್ತಿಳಿದು ಕುಶಾಲನಗರದ ಬ್ಯಾಂಕಿಗೆ ಹೋಗಬೇಕು. ದಾರಿಯಲ್ಲಿ ಆನೆ ನಿಂತಿದ್ದರೆ ಬಸ್ಸೂ ನಿಲ್ಲುತ್ತದೆ. ಬೆಳಿಗ್ಗೆ ಹೋದವರು ಮನೆ ಸೇರುವಷ್ಟರಲ್ಲಿ ಊಟದ ಹೊತ್ತು ಮೀರಿರುತ್ತದೆ.

ಇದು ಗಂಡ ಸಣ್ಣಸ್ವಾಮಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಆ ದಿನ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಬಂದ ಹುಡುಗಿಯ ಮುಂದೆ ಅವರು ಬೇರೆಯೇ ಹೇಳಿದರು. ಹುಡುಗಿಯ ಹೆಸರು ತೇಜಸ್ವಿನಿ. ಮನೆಮನೆಗೆ ಹೋಗಿ ಹಣಕಾಸಿನ ಸಮೀಕ್ಷೆ ಮಾಡುವುದು ಅವಳ ಕೆಲಸ.

“ತಾತ, ಖಾತೆಯಿಂದ ದುಡ್ಡು ತೆಗೀಬೇಕು ಅಂದ್ರೆ ನಿಮ್ಮ ಮನೇಲಿರೋರಿಗೆ ಎಷ್ಟು ಹೊತ್ತು ಹಿಡಿಯುತ್ತೆ?”

“ಹತ್ತು ನಿಮಿಷ. ಇಲ್ಲೇ ಅಂಗಡೀಲಿ ಸಿಗುತ್ತೆ. ನಮಗೇನೂ ತೊಂದ್ರೆ ಇಲ್ಲ ಕಣವ್ವ, ಬರ್ಕೊಂಡು ಹೊರಡು.”

ಫೋನಿನಲ್ಲಿ ಮೋಸ ಹೋದವರ ಕಥೆ ಕೇಳಿ ಕೇಳಿ ಅವರಿಗೆ ಭಯ ಹತ್ತಿತ್ತು. ಕಷ್ಟ ಇದೆ ಅಂದರೆ ಬರುವ ಪಿಂಚಣಿಯೂ ನಿಂತುಹೋದೀತು ಎಂಬ ಅನುಮಾನ ಬೇರೆ.

ತೇಜಸ್ವಿನಿ ಕೈಯಲ್ಲಿದ್ದ ಟ್ಯಾಬ್ ನೋಡಿದಳು. “ಐದು ವರ್ಷದ ಹಿಂದೆ ನಮ್ಮೋರು ಬಂದಾಗಲೂ ಹತ್ತು ನಿಮಿಷ ಅಂತಾನೇ ಹೇಳಿದೀರಿ.”

ಬಾಗಿಲಲ್ಲಿ ನಿಂತಿದ್ದ ಕಾಮಾಕ್ಷಮ್ಮ ಹೊರಗೆ ಬಂದು ಗಂಡನ ಕಡೆ ತಿರುಗಿದರು.

“ಯಾರಿಗೆ ಹತ್ತು ನಿಮಿಷ? ನಿಮ್ಮ ಬೆರಳಿಗೆ. ನನ್ನ ಬೆರಳಿಗೆ ಅರ್ಧ ದಿನ.” ಆಮೇಲೆ ಹುಡುಗಿಯನ್ನು ಕೇಳಿದರು, “ ಐದು ವರ್ಷದಿಂದ ನಾನು ಬಸ್ಸಲ್ಲಿ ಓಡಾಡಿದ್ದು ಅದ್ರಲ್ಲಿ ಎಲ್ಲೂ ಇಲ್ವಾ ಮಗ?”

“ಇಲ್ಲ ಅಜ್ಜಿ,” ಎಂದಳು ತೇಜಸ್ವಿನಿ ಮೆಲ್ಲಗೆ.

“ಹೊರಗಿನೋರ ಮುಂದೆ ಇದೆಲ್ಲ ಯಾಕೆ?” ಎಂದು ಸಣ್ಣಸ್ವಾಮಿ ಗೊಣಗಿದರು.

ತೇಜಸ್ವಿನಿ ಬೇಸರ ಮಾಡಿಕೊಳ್ಳಲಿಲ್ಲ. “ನೀವು ಅನುಮಾನ ಪಡೋದು ಸರಿ ತಾತ. ಈ ಕಾರ್ಡ್ ನೋಡಿ. ಪಂಚಾಯ್ತಿಗೆ ಫೋನ್ ಮಾಡಿ ಕೇಳಿ. ನಾನು ಖಾತೆ ನಂಬರ್ ಕೇಳಲ್ಲ, ಪಿನ್ ಕೇಳಲ್ಲ, ಓಟಿಪಿ ಕೇಳಲ್ಲ. ಕೇಳೋರು ಯಾರಾದ್ರೂ ಬಂದ್ರೆ ಬಾಗಿಲು ಹಾಕ್ಬಿಡಿ. ನೀವು ಇಲ್ಲಿ ಹೇಳಿದ್ದಕ್ಕೆ ಪಿಂಚಣಿ ನಿಲ್ಲಲ್ಲ.”

ಸಣ್ಣಸ್ವಾಮಿ ಫೋನ್ ಮಾಡಿಯೇಬಿಟ್ಟರು. ಹುಡುಗಿ ಬಂದಿರುವುದು ಸಮೀಕ್ಷೆಗೇ ಎಂದು ಪಂಚಾಯ್ತಿಯವರು ಹೇಳಿದ ಮೇಲೆ ಕುರ್ಚಿಯಲ್ಲಿ ಸ್ವಲ್ಪ ಸಡಿಲವಾಗಿ ಕೂತರು.

“ಅಲ್ಲ ಕಣವ್ವ, ದೇಶದಲ್ಲಿ ಬ್ಯಾಂಕ್ ಎಷ್ಟವೆ ಅಂತ ಸರ್ಕಾರಕ್ಕೆ ಗೊತ್ತಿಲ್ವಾ? ನನ್ನ ಕೇಳಿ ಏನಾಗ್ಬೇಕು?”

“ಬ್ಯಾಂಕ್ ಎಷ್ಟು, ಖಾತೆ ಎಷ್ಟು, ಎಲ್ಲ ಗೊತ್ತು ತಾತ. ಅವು ಜನಕ್ಕೆ ಎಷ್ಟು ಹತ್ರ ಬಂದಿವೆ ಅನ್ನೋದನ್ನ ಮಾತ್ರ ಜನಾನೇ ಹೇಳ್ಬೇಕು. ಅದೂ ಒಂದು ಸಲ ಕೇಳಿದ್ರೆ ಸಾಲದು. ಕೆಲವು ವರ್ಷಕ್ಕೊಂದು ಸಲ ಅದೇ ಮನೆಗೆ ಬಂದು ಅದೇ ಪ್ರಶ್ನೆ ಕೇಳ್ಬೇಕು. ಆಗ ಮುಂದೆ ಹೋಗಿದೀವೋ, ನಿಂತಲ್ಲೇ ನಿಂತಿದೀವೋ ತಿಳಿಯುತ್ತೆ.”

“ಮಳೆ ಅಳೆದಂಗೆ,” ಎಂದರು ಸಣ್ಣಸ್ವಾಮಿ. ಪ್ರಾಯದಲ್ಲಿ ಅವರು ಅಮ್ಮತ್ತಿ ಕಡೆಯ ಒಂದು ಎಸ್ಟೇಟಿನಲ್ಲಿದ್ದರು. ದಿನಾ ಬೆಳಿಗ್ಗೆ ಮಳೆ ಅಳೆದು, ಲೆಕ್ಕ ಬರೆಯುವ ರೈಟರಿಗೆ ಹೇಳುವುದು ಅವರ ಪಾಲಿನ ಕೆಲಸವಾಗಿತ್ತು. “ಒಂದಿನಾನೂ ಸುಳ್ಳು ಹೇಳಿದೋನಲ್ಲ ನಾನು. ಒಂದಿನ ತಪ್ಪಿದ್ರೆ ವರ್ಷದ ಲೆಕ್ಕವೇ ಕೆಡ್ತಿತ್ತು. ಈಗ ಎಲ್ಲಾರ ಮನೆಗೂ ಹೋಗ್ತೀಯಾ ನೀನು?”

“ಆಗಲ್ಲ ತಾತ. ಚೀಟಿ ಎತ್ತಿದಂಗೆ ಕೆಲವು ಮನೆ ಆರಿಸ್ತಾರೆ. ಈ ಊರಲ್ಲಿ ನಿಮ್ಮದು, ಜಯಪ್ಪೋರದು, ಇನ್ನೂ ಒಂದಿಷ್ಟು. ನಿಮ್ಮ ಒಂದು ಮನೆ ಸಾವಿರಾರು ಮನೆಗಳ ಪರವಾಗಿ ಮಾತಾಡುತ್ತೆ.”

ಸಣ್ಣಸ್ವಾಮಿ ಅಂಗಳದಾಚೆ ನೋಡಿದರು. ನೆಲ್ಯಹುದಿಕೇರಿಯ ಹೊಳೆ ದಂಡೆಯ ಮನೆಗಳು, ಹುದಿಕೇರಿ ಕಡೆಯ ತೋಟದ ಕೂಲಿಯವರ ಲೈನ್ ಮನೆಗಳು, ಅಪ್ಪ ಬಿಟ್ಟು ಬಂದ ಹಾಸನದ ಕಡೆಯ ಹಳ್ಳಿ, ತಾವು ಕಂಡೇ ಇರದ ಊರುಗಳು ಅವರ ಕಣ್ಣ ಮುಂದೆ ಬಂದವು. ಅಲ್ಲೆಲ್ಲ ಬೆರಳು ಸವೆದ ಹೆಂಗಸರಿದ್ದಾರೆ, ಬಸ್ಸಿಗೆ ಕಾಯುವವರಿದ್ದಾರೆ. ಅವರೆಲ್ಲರೂ ಬಂದು ತಮ್ಮ ಜಗಲಿಯ ಮುಂದೆ ಸಾಲಾಗಿ ನಿಂತ ಹಾಗೆ ಅನ್ನಿಸಿತು. ಇಷ್ಟು ದೊಡ್ಡ ದೇಶ ತನ್ನ ಬೆಳವಣಿಗೆ ಅಳೆದುಕೊಳ್ಳಲು ಈ ಹೆಂಚಿನ ಮನೆಗೆ ಬಂದು, ತಮ್ಮಂಥವರನ್ನು ಕೇಳುತ್ತಿದೆ!

“ಹಂಗಾದ್ರೆ ನಾನು ಹತ್ತು ನಿಮಿಷ ಅಂದಾಗ...”

“ಅಷ್ಟೂ ಮನೆಯೋರು ಹತ್ತು ನಿಮಿಷ ಅಂದಂಗಾಯ್ತು ತಾತ.”

ಸಣ್ಣಸ್ವಾಮಿ ಎದ್ದರು. ತಾವು ಕೂತಿದ್ದ ಕುರ್ಚಿಯನ್ನು ಹೆಂಡತಿಯ ಕಡೆ ಸರಿಸಿದರು.

“ಕೂತ್ಕೊ. ನೀನೇ ಹೇಳು. ಒಂದೂ ಬಿಡಬೇಡ.”

ಕಾಮಾಕ್ಷಮ್ಮ ಕೂತರು. ಮೊದಲ ಬಸ್ಸಿನಿಂದ ಶುರುಮಾಡಿ ಎಲ್ಲ ಹೇಳಿದರು. ತೇಜಸ್ವಿನಿ ಬರೆದುಕೊಂಡು, ಓದಿ ಹೇಳಿ, ಸರಿಯಿದೆಯೇ ಎಂದು ಕೇಳಿದಳು. ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಟ್ಟು ನೋಡಿ ಎಂದೂ ಹೇಳಿದಳು. ತಮ್ಮ ಅರ್ಧ ದಿನಗಳು ಕೊನೆಗೂ ಒಂದು ಕಡೆ ದಾಖಲಾದವೆಂದು ಕಾಮಾಕ್ಷಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಪಕ್ಕದ ಮನೆಯ ಜಯಪ್ಪ ಬೆಳಿಗ್ಗೆ ತೇಜಸ್ವಿನಿಯನ್ನು ಕಂಡು ಬಾಗಿಲು ಹಾಕಿಕೊಂಡಿದ್ದರು. ಸಣ್ಣಸ್ವಾಮಿ ಚಪ್ಪಲಿ ಮೆಟ್ಟಿ ತಾವೇ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದರು.

“ಜಯಪ್ಪ, ಬಾಗಿಲು ತೆಗಿ. ನಾನು ವಿಚಾರಿಸಿದೀನಿ, ಹೆದರ್ಬೇಡ. ನಿನ್ನೊಬ್ಬನ ಮನೆ ವಿಷಯ ಅಲ್ಲ ಇದು.”

ಸ್ವಲ್ಪ ಹೊತ್ತಿಗೆ ಒಳಗಿನಿಂದ ಚಿಲಕ ಸರಿದ ಸದ್ದಾಯಿತು.

ಅಕ್ಕಂದಿರೇ, ಅಣ್ಣಂದಿರೇ, ಇಂಥ ಪ್ರಶ್ನೆ ನಾಳೆ ನಿಮ್ಮ ಮನೆಗೂ ಬರಬಹುದು. ಮೊದಲು ಗುರುತಿನ ಚೀಟಿ ನೋಡಿ, ಪಂಚಾಯ್ತಿಯಲ್ಲಿ ವಿಚಾರಿಸಿ. ಪಿನ್, ಓಟಿಪಿ ಯಾರಿಗೂ ಕೊಡಬೇಡಿ. ಆಮೇಲೆ ಮನೆಯ ಹೆಂಗಸರನ್ನೂ ಜೊತೆಗೆ ಕೂರಿಸಿಕೊಂಡು, ಅನುಕೂಲವನ್ನೂ ಕಷ್ಟವನ್ನೂ ಇದ್ದದ್ದು ಇದ್ದ ಹಾಗೆ ಹೇಳಿ. ನೀವು ನಿಜ ಹೇಳದೆ ಈ ದೇಶಕ್ಕೆ ತಾನು ಎಷ್ಟು ಬೆಳೆದಿದ್ದೇನೆಂದು ತಿಳಿಯುವುದಿಲ್ಲ.