ಖಾಲಿ ಜಾಗಕ್ಕೆ ಸೊನ್ನೆ

ಮನುಷ್ಯರು ಓದದ ಬರಹ ಬರೆಯುವ ಕೆಲಸ ಯಾರಿಗೆ ಬೇಕು ಹೇಳಿ? ಸುಪ್ರಿಯಾಗೆ ಅದೇ ಗಂಟುಬಿದ್ದಿತ್ತು. ಸಾಗರದ ಪೇಟೆಯಲ್ಲಿ, ಬಟ್ಟೆ ಅಂಗಡಿಯ ಮಹಡಿಯ ಮೇಲೆ ಅವಳ ಆಫೀಸು. ಅಂಕಿಸಂಖ್ಯೆ ಕೊಟ್ಟರೆ ಅಚ್ಚುಕಟ್ಟಾದ ಗ್ರಾಫ್ ಮಾಡಿಕೊಡುವ ಟೂಲ್ ಅವರದು. ಅದನ್ನು ಬಳಸುವುದು ಹೇಗೆಂದು ಬರೆದಿಡುವುದು ಇವಳ ಪಾಲಿಗೆ ಬಂದ ಕೆಲಸ. ಮೊದಲು ಮನುಷ್ಯರೇ ಓದುತ್ತಿದ್ದರು. ಅರ್ಥವಾಗದಿದ್ದರೆ ಫೋನ್ ಮಾಡಿ ಬೈಯುತ್ತಿದ್ದರು. ಆ ಬೈಗುಳವೂ ಒಂದು ಸುಖವೆಂದು ಅದು ನಿಂತ ಮೇಲೆ ಗೊತ್ತಾಯಿತು. ಈಗ ಓದುವುದು ಎಐ ಏಜೆಂಟುಗಳು. ಯಾರೋ ಒಂದು ಗ್ರಾಫ್ ಬೇಕೆಂದರೆ ಸಾಕು, ಏಜೆಂಟು ಸುಪ್ರಿಯಾ ಬರೆದದ್ದನ್ನು ಓದಿಕೊಂಡು, ಟೂಲ್ ನಡೆಸಿ, ಚಿತ್ರ ತಂದು ಕೊಡುತ್ತದೆ. ಬರೆದದ್ದನ್ನು ಬರೆದ ಹಾಗೇ ಮಾಡುತ್ತದೆ, ಯಾಕೆ ಏನು ಎಂದು ಕೇಳುವುದಿಲ್ಲ.

ತೀರ್ಥಹಳ್ಳಿಯ ಮನೆಯಲ್ಲಿ ಕೂತೇ ಕಂಪನಿ ನಡೆಸುವ ರಾಜೇಂದ್ರ ಒಂದು ಬೆಳಿಗ್ಗೆ ಫೋನ್ ಮಾಡಿದ.

"ನಿನ್ನ ಪುರಾಣ ಎಲ್ಲ ತೆಗಿ ಮಾರಾಯ್ತಿ. ಏಜೆಂಟಿಗೆ ಕಥೆ ಬ್ಯಾಡ. ಒಂದೇ ಪುಟ ಸಾಕು, ಸಂಜೆಯೊಳಗೆ."

ಇಡೀ ದಿನ ಕತ್ತರಿಸಿದಳು. ಪ್ರೀತಿಯಿಂದ ಬರೆದ ಉದಾಹರಣೆಗಳೆಲ್ಲ ಹೋದವು. ಕಣ್ಣು ಉರಿಯುತ್ತಿದ್ದಾಗ ಕೊನೆಯ ಭಾಗ ಎದುರಾಯಿತು. 'ಲೆಕ್ಕ ಬಾರದ ಕಡೆ ಸೊನ್ನೆ ತುಂಬಿದರೆ ಗೆರೆ ನೀಟಾಗಿ ಬರುತ್ತದೆ. ಆದರೆ ಸುದ್ದಿ ಬಾರದಿರುವುದು ಬೇರೆ, ಏನೂ ನಡೆಯದಿರುವುದು ಬೇರೆ. ಯಾವುದೆಂದು ವಿಚಾರಿಸದೆ ತುಂಬಬೇಡಿ.' ಸರಿಯಾದ ಮಾತೇ. ಆದರೆ ಅವಳಿಗೆ ಸಾಕಾಗಿ ಹೋಗಿತ್ತು. ಅಷ್ಟನ್ನೂ ಅಳಿಸಿ, 'ಖಾಲಿ ಜಾಗಕ್ಕೆ ಸೊನ್ನೆ ತುಂಬಿ' ಎಂದು ಬರೆದು ಕಳಿಸಿದಳು. ರಾಜೇಂದ್ರ ಹೆಬ್ಬೆರಳಿನ ಚಿತ್ರ ಕಳಿಸಿ ಮೆಚ್ಚಿಕೊಂಡ.

ಬೇಸಿಗೆಯ ಬಿಸಿಲು ಏರಿದ ಮೇಲೆ ಒಂದು ಭಾನುವಾರ ಹೊಸನಗರದ ಕಡೆಯ ತನ್ನೂರಿಗೆ ಹೋದಳು. ಅಮ್ಮ ಗುತ್ಯಮ್ಮ ಒಣಗಿದೆಲೆಯ ಹೊರೆ ಹೊತ್ತು ಕಾಡಿನಿಂದ ಬರುತ್ತಿದ್ದಳು. ಮಂಗನ ಕಾಯಿಲೆಯ ಕಾಲ; ಮಂಗ ಸತ್ತ ಕಡೆ ಉಣುಗು ಎಂಬ ಉಣ್ಣೆಹುಳ ಕಚ್ಚಿದರೆ ಮನುಷ್ಯರಿಗೂ ಆ ಜ್ವರ. ಉಣುಗು ಕಚ್ಚದಿರಲಿ ಎಂದು ಹಂಚಿದ್ದ ಎಣ್ಣೆಯ ಬಾಟಲಿ ಜಗಲಿಯಲ್ಲಿ ಮುಚ್ಚಳ ಕೂಡ ತೆಗೆಯದೆ ಕೂತಿತ್ತು.

"ಎಣ್ಣೆ ಹಚ್ಕಳಕೆ ಎಂತ ಧಾಡಿ ನಿಂಗೆ?"

"ಅದರ ನಾತ ಯಾರಿಗೆ ಬೇಕು? ಈ ಸಲ ನಮ್ಮೂರಲ್ಲಿ ಎಂತದೂ ಇಲ್ಲ ಕಣೆ. ಬೇಕಾರೆ ನೋಡು."

ಅಮ್ಮ ಫೋನ್ ಹಿಡಿದಳು. ಸುತ್ತಲಿನ ಊರುಗಳ ಹುಡುಗರು ನಡೆಸುವ ವಾಟ್ಸಾಪ್ ಗುಂಪಿನಲ್ಲಿ ಒಂದು ಗ್ರಾಫ್: ಯಾವ ಊರಲ್ಲಿ, ಯಾವ ವಾರ, ಎಷ್ಟು ಮಂಗ ಸತ್ತವು ಎಂದು. ಬೇರೆ ಊರುಗಳ ಗೆರೆಗಳು ಏರಿಳಿದಿದ್ದವು. ಇವರ ಊರಿನದು ತಳಕ್ಕೆ ಅಂಟಿಕೊಂಡು ಮಲಗಿತ್ತು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸುಪ್ರಿಯಾಳ ಕಂಪನಿಯ ಹೆಸರು.

ಪಕ್ಕದ ಸೋದರಮಾವನ ಹಿತ್ತಲಿನ ಬಿದಿರುಮಟ್ಟಿಯ ಹತ್ತಿರ ಹಸಿ ಮಣ್ಣು ಕಂಡಿತು. ಮೇಲೆ ಅರಿಶಿನ, ಕುಂಕುಮ, ಒಡೆದ ತೆಂಗಿನಕಾಯಿ. ಮಾವ ಶಿವರಾಮ ದನಿ ತಗ್ಗಿಸಿದ.

"ಸತ್ತ ಮಂಗ ಅಂದ್ರೆ ಆಂಜನೇಯ ಅಲ್ವನೆ? ಹೇಳಿದ್ರೆ ಪರೀಕ್ಷೆಗೆ ಅಂತ ಆಸ್ಪತ್ರೆಯವ್ರು ಬಂದು ಕೊಯ್ತಾರೆ. ಅದಕ್ಕೇ ನಾವೇ ಮಣ್ಣು ಮಾಡಿದ್ವಿ. ಗದ್ದೆ ಬದೀಲೂ ಒಂದು ಮಾಡಿದೀವಿ. ನಿಮ್ಮಮ್ಮಂಗೂ ಗೊತ್ತಿಲ್ಲ. ಯಾರ ಹತ್ರಾನೂ ಬಾಯಿ ಬಿಡಬ್ಯಾಡ, ನನ್ನಾಣೆ."

ಸುಪ್ರಿಯಾಗೆ ಆ ಮಲಗಿದ ಗೆರೆಯ ಅರ್ಥ ಹೊಳೆಯಿತು. ಹೂತವರು ಭಕ್ತಿಯಿಂದ ಬಾಯಿ ಮುಚ್ಚಿದ್ದರು, ಸುದ್ದಿ ಹೋಗಲಿಲ್ಲ, ಸುದ್ದಿಯಿಲ್ಲದ ಜಾಗಕ್ಕೆ ಏಜೆಂಟು ಸೊನ್ನೆ ತುಂಬಿತು. ಅದನ್ನು ಬೈದು ಏನು ಬಂತು? ಅದು ಇವಳ ಮಾತು ನಡೆಸಿಕೊಟ್ಟಿತ್ತು, ಅಷ್ಟೆ.

ರಾಜೇಂದ್ರನಿಗೆ ಫೋನ್ ಮಾಡಿದಳು. "ಸೋಮವಾರ ನೋಡಾಣ ಬಿಡೆ," ಎಂದ. ಅವನಿಗೆ ಕಾಯದೆ ಅಳಿಸಿದ್ದ ಮಾತುಗಳನ್ನು ತಾನೇ ಮತ್ತೆ ಸೇರಿಸಿದಳು. ಹಳೆಯ ಚಿತ್ರ ಮಾತ್ರ ಊರಿನವರ ಫೋನುಗಳಲ್ಲಿ ಹಾಗೇ ಇತ್ತು.

"ಅಮ್ಮ, ಆ ಚಿತ್ರ ನಂಬಬ್ಯಾಡ. ಅದು ಸುಳ್ಳು."

"ನಿನ್ನ ಕಂಪನೀದೇ ಅಲ್ವನೆ ಅದು? ಸುಳ್ಳು ಹೇಳ್ತದಾ?" ಗುತ್ಯಮ್ಮ ನಕ್ಕಳು. ಆ ನಗುವಿನಲ್ಲಿ ಮಗಳ ಬಗ್ಗೆ ಹೆಮ್ಮೆಯಿತ್ತು.  ಮಾವನ ಆಣೆ ನೆನಪಾಗಿ, ಸುಪ್ರಿಯಾ ಹೂತ ಮಂಗಗಳ ಮಾತು ಎತ್ತದೆ ಎಣ್ಣೆಯ ಬಾಟಲಿಯ ಮುಚ್ಚಳ ತೆಗೆದು ಅಮ್ಮನ ಮುಂದಿಟ್ಟಳು.

ಆ ವಾರವೇ ಗುತ್ಯಮ್ಮನಿಗೆ ಜ್ವರ ಬಂತು. ತಲೆ ಎತ್ತಲಾಗದ ನೋವು. ಶಿವರಾಮನೇ ಕಾರು ಮಾಡಿಸಿ ಸಾಗರದ ಆಸ್ಪತ್ರೆಗೆ ಕರೆತಂದ. ಸುಪ್ರಿಯಾ ಆಫೀಸು ಬಿಟ್ಟು ಓಡಿಬಂದು ಅಮ್ಮನ ಕೈ ಹಿಡಿದು ಕೂತಳು. ಡಾಕ್ಟರು ಮೊದಲು ಕೇಳಿದ್ದೇ ಅದು.

"ನಿಮ್ಮೂರಲ್ಲಿ ಮಂಗ ಏನಾದ್ರೂ ಸತ್ತಿದೆಯಾ?"

ನಿನಗೇನಾದರೂ ಗೊತ್ತಾ ಎಂಬಂತೆ ಗುತ್ಯಮ್ಮ ತಮ್ಮನ ಮುಖ ನೋಡಿದಳು. ಅವನು ನೆಲ ನೋಡಿದ.

"ಇಲ್ಲ," ಎಂದಳು ಗುತ್ಯಮ್ಮ. ಡಾಕ್ಟರು ನಂಬಲಿ ಎಂದು ಇನ್ನೊಂದು ಕೈಯಲ್ಲಿ ಫೋನ್ ತೆಗೆದು ತೋರಿಸಿದಳು. "ನೋಡಿ, ಇದ್ರಲ್ಲೇ ಅದೆ. ಸೊನ್ನೆ."

"ಸತ್ತಿದೆ ಡಾಕ್ಟ್ರೆ," ಎಂದಳು ಸುಪ್ರಿಯಾ. "ಹೂತಿದ್ದು ಎಲ್ಲಿ ಅಂತ ನಾನೇ ತೋರಿಸ್ತೀನಿ. ಆ ಸೊನ್ನೆ ಹಾಕಿಸಿದ್ದೂ ನಾನೇ."

ಶಿವರಾಮ ಎದ್ದು ಹೊರಗೆ ಹೋದ. ಗುತ್ಯಮ್ಮ ಮಗಳ ಹಿಡಿತದಿಂದ ತನ್ನ ಕೈ ಎಳೆದುಕೊಂಡಳು. ಆ ಕೈ ಕೆಂಡದ ಹಾಗೆ ಸುಡುತ್ತಿತ್ತು.